ಮೇಸ್ತ್ರಿಗೆ ಹೇಳದೆ ಉಳಿದ ಮಾತು

ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಎರಡು ಮೈಲಿ ಒಳಗಿದ್ದ ಕಾಫಿ ಎಸ್ಟೇಟೊಂದರಲ್ಲಿ ನಾನು ಒಂಬತ್ತು ವರ್ಷ ಕಂಪೌಂಡರ್ ಆಗಿದ್ದೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಕೂಲಿಯವರ ಸಾಲುಮನೆಗಳ, ಅಂದರೆ ಲೈನಿನ, ಪಕ್ಕದಲ್ಲಿ ಹಂಚು ಹೊದಿಸಿದ ಒಂದೇ ಕೋಣೆ, ಅದೇ ಔಷಧಾಲಯ. ಒಳಗೆ ಒಂದು ಮೇಜು, ಒಂದು ಮಂಚ, ಕ್ವಿನೈನ್ ಬೆರೆಸಿದ ನೀರಿನ ದೊಡ್ಡ ಜಾಡಿ, ಹತ್ತಿಪ್ಪತ್ತು ಬಾಟಲಿ. ಆ ಬೆಟ್ಟಗಳಲ್ಲಿ ಆಗ ಚಳಿಜ್ವರ ಬಾರದ ಮನುಷ್ಯನೇ ಇರಲಿಲ್ಲ. ಬೆಳಗಾದರೆ ಕಂಬಳಿ ಹೊದ್ದು ನಡುಗುವವರ ಸಾಲು ನನ್ನ ಬಾಗಿಲಲ್ಲಿ ಕೂತಿರುತ್ತಿತ್ತು.

ನಾನು ಡಾಕ್ಟರಲ್ಲ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮೂರು ವರ್ಷ ಔಷಧಿ ಕಲಸಿ, ಗಾಯ ಕಟ್ಟಿ ಕಲಿತವನು. ಆದರೆ ಲೈನಿನ ಜನ ನನ್ನನ್ನು ಡಾಕ್ಟ್ರೇ ಎಂದೇ ಕರೆಯುತ್ತಿದ್ದರು, ನಾನೂ ತಿದ್ದಲಿಲ್ಲ. “ಅವ್ರ ಔಷಧಿ ಕುಡಿಯೋದೇ ಬೇಡ, ಮಾತು ಕೇಳಿದ್ರೆ ಅರ್ಧ ಜ್ವರ ಬಿಡುತ್ತೆ” ಎಂದು ಹೆಂಗಸರು ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿತ್ತು. ಆ ಹೆಸರು ನನಗೆ ಬಹಳ ಇಷ್ಟವಾಗಿತ್ತು. ಯಾರು ಬಂದರೂ ನಗುತ್ತಲೇ, “ಏನಿಲ್ಲ, ಎಂಟು ದಿನದಲ್ಲಿ ಎದ್ದು ಓಡಾಡ್ತೀಯ” ಅನ್ನುವುದು ಅಭ್ಯಾಸವಾಗಿ ಹೋಗಿತ್ತು. ಬಹುಪಾಲು ಅದು ನಿಜವೂ ಆಗುತ್ತಿತ್ತು. ನಿಜವಾಗದೆ ಹೋದವರು ಬಂದು ಕೇಳುತ್ತಿರಲಿಲ್ಲ.

ಆ ಎಸ್ಟೇಟಿನಲ್ಲಿ ಮರಗಸಿ ಮಾಡಿಸುವ ಮೇಸ್ತ್ರಿಯೊಬ್ಬರಿದ್ದರು. ಅವರಿಗೆ ನನ್ನ ತಂದೆಯ ವಯಸ್ಸು. ಆದರೂ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಕೂಲಿಯವರನ್ನು ಹಾಗೆ ಕರೆಯುವುದೇ ಆಗಿನ ರೂಢಿ. ಈಗ ಬರೆಯಲು ಕೂತರೆ ಕೈ ತಡೆಯುತ್ತದೆ. ಅದಕ್ಕೇ ಇಲ್ಲಿ ಅವರು ಎಂದೇ ಬರೆಯುತ್ತೇನೆ. ಆಗ ಆಡಿದ ಮಾತನ್ನು ಮಾತ್ರ ಆಡಿದ ಹಾಗೆಯೇ ಬಿಟ್ಟಿದ್ದೇನೆ.

ಮಳೆಗೆ ಮುಂಚೆ ತೋಟದ ನೆರಳುಮರಗಳ ಕೊಂಬೆ ಕಡಿದು ಬೆಳಕು ಬಿಡಿಸುವುದು ಮರಗಸಿ. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಎಪ್ಪತ್ತು ಎಂಬತ್ತು ಅಡಿ ಹತ್ತಬೇಕು. ಹತ್ತುವುದಕ್ಕಿಂತ ಕಷ್ಟದ ಕೆಲಸ ಕೊಂಬೆಯನ್ನು ಬೇಕಾದಲ್ಲಿಗೆ ಬೀಳಿಸುವುದು. ಕೆಳಗೆ ಕಾಫಿ ಗಿಡಗಳು ಒತ್ತೊತ್ತಾಗಿರುತ್ತವೆ. ಮೇಸ್ತ್ರಿ ಕೆಳಗೆ ನಿಂತು ಕೊಂಬೆಯನ್ನು ಒಂದು ಸಲ ನೋಡಿ, “ಆ ಕಡೆಯಿಂದ ಅರ್ಧ ಕಡಿ, ಆಮೇಲೆ ಹಗ್ಗ ಹಾಕು” ಅಂದರೆ, ಆನೆಯಂಥ ಕೊಂಬೆ ಎರಡು ಗಿಡಗಳ ನಡುವಿನ ಸಂದಿಯಲ್ಲಿ ಬಂದು ಮಲಗುತ್ತಿತ್ತು. ನಮ್ಮ ಸಾಹುಕಾರರು ಅವರನ್ನು ಬೇರೆ ಎಸ್ಟೇಟಿಗೆ ಹೋಗಲು ಬಿಡುತ್ತಿರಲಿಲ್ಲ.

ಅವರು ಲೈನಿನ ಕೊನೆಯ ಮನೆಯಲ್ಲಿ ಒಬ್ಬರೇ ಇದ್ದರು. ಹೆಂಡತಿ ಬಾಣಂತನದಲ್ಲಿ ತೀರಿಹೋಗಿದ್ದಳು. ಕೈಗೂಸಿನಿಂದ ಸಾಕಿದ ಒಬ್ಬಳೇ ಮಗಳು ಹದಿನೇಳನೆಯ ವಯಸ್ಸಿನಲ್ಲಿ, ಬಯಲುಸೀಮೆಯಿಂದ ಕೊಯ್ಲಿಗೆ ಬಂದಿದ್ದ ಬೇರೆ ಜಾತಿಯ ಹುಡುಗನ ಜೊತೆ ಹೋಗಿಬಿಟ್ಟಳು. ಆ ವಾರವೇ ಮೇಸ್ತ್ರಿ ಹಳ್ಳಕ್ಕೆ ಇಳಿದು ತಲೆ ಮೇಲೆ ನೀರು ಹಾಕಿಕೊಂಡು, ಹನ್ನೊಂದನೆಯ ದಿನ ನಾಲ್ಕು ಜನಕ್ಕೆ ಊಟ ಹಾಕಿದರಂತೆ. ಬದುಕಿರುವ ಮಗಳಿಗೆ ತಿಥಿ. ನಾನು ಆ ಎಸ್ಟೇಟಿಗೆ ಸೇರುವ ಹೊತ್ತಿಗೆ ಅದು ಏಳೆಂಟು ವರ್ಷದ ಹಳೆಯ ಸಂಗತಿ. ಮಗಳು ಹೊರನಾಡಿನ ಆಚೆಯ ಒಂದು ತೋಟದಲ್ಲಿ ಗಂಡನೊಂದಿಗೆ ಇದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಮೇಸ್ತ್ರಿಯ ಎದುರು ಯಾರೂ ಆ ಸುದ್ದಿ ಎತ್ತುತ್ತಿರಲಿಲ್ಲ.

ನಾನು ಸೇರಿದ ಐದನೆಯ ವರ್ಷ, ಕೊಯ್ಲು ಮುಗಿದ ಮೇಲೆ ಅವರು ನನ್ನ ಬಳಿ ಬಂದರು. ಉಂಡದ್ದು ದಕ್ಕುವುದಿಲ್ಲ, ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗೆ ಅಂದರು. ಮಂಚದ ಮೇಲೆ ಮಲಗಿಸಿ ಒತ್ತಿ ನೋಡಿದೆ. ಪಕ್ಕೆಯ ಕೆಳಗೆ ಕೈಗೆ ಸಿಕ್ಕಿದ್ದು ಚಳಿಜ್ವರಕ್ಕೆ ಊದಿಕೊಳ್ಳುವ ಗಡ್ಡೆಯಲ್ಲ ಎಂದು ನನಗೂ ಗೊತ್ತಾಯಿತು. ಸಾಹುಕಾರರಿಗೆ ಹೇಳಿ, ಅವರನ್ನು ಬಸ್ಸಿನಲ್ಲಿ ಚಿಕ್ಕಮಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರು ವಯಸ್ಸಾದವರು. ಬಹಳ ಹೊತ್ತು ಪರೀಕ್ಷೆ ಮಾಡಿದರು. ಮೇಸ್ತ್ರಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ನನ್ನನ್ನು ಒಳಗೆ ಕರೆದರು.

“ಕೈಮೀರಿದೆ. ಕೊಯ್ದರೂ ಪ್ರಯೋಜನ ಇಲ್ಲ. ಮೂರು ತಿಂಗಳು, ಹೆಚ್ಚಂದರೆ ನಾಲ್ಕು. ಮನೇಲಿ ಯಾರಿದ್ದಾರೆ?”

“ಒಬ್ಬಳು ಮಗಳಿದ್ದಾಳೆ, ಸಾರ್. ದೂರದಲ್ಲಿ.”

“ಹಾಗಾದ್ರೆ ಅವಳಿಗೆ ತಿಳಿಸಿ. ಇವರಿಗೂ ನೀವೇ ನಿಧಾನವಾಗಿ ಹೇಳಿ. ನಾನು ಹೇಳೋದಕ್ಕಿಂತ ಪರಿಚಯದವರು ಹೇಳಿದ್ರೆ ತಡ್ಕೊಳ್ತಾರೆ.”

ಹೂಂ ಅಂದೆ. ಬರುವಾಗ ಮೂಡಿಗೆರೆಯಲ್ಲಿ ಬಸ್ಸು ಒಂದು ಗಂಟೆ ನಿಂತಿತು. ಹೋಟೆಲಿನಲ್ಲಿ ಎದುರುಬದುರು ಕೂತು ಬೆಲ್ಲದ ಕಾಫಿ ತರಿಸಿದೆ. ಮೇಸ್ತ್ರಿ ಲೋಟ ಮುಟ್ಟಲಿಲ್ಲ.

“ಡಾಕ್ಟ್ರೇ, ದೊಡ್ಡ ಡಾಕ್ಟ್ರು ಎಂತ ಹೇಳಿದ್ರು? ನಿಮ್ಮನ್ನ ಒಬ್ರನ್ನೇ ಯಾಕೆ ಕರೆದ್ರು?”

ಹೇಳಬೇಕು ಎಂದೇ ಬಾಯಿ ತೆರೆದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅದು ನನ್ನ ಬಾಗಿಲಲ್ಲಿ ಕೂರುವ ಎಲ್ಲರ ನೋಟವೇ. ನನ್ನ ಬಾಯಿಂದ ಬಂದದ್ದು, “ಕರುಳಲ್ಲಿ ಹುಣ್ಣಾಗಿದೆ ಅಷ್ಟೆ. ಔಷಧಿ ಹೇಗೆ ಕೊಡ್ಬೇಕು ಅಂತ ಹೇಳೋಕೆ ಕರೆದ್ರು. ಮಳೆಗಾಲ ಕಳೆಯೋ ಹೊತ್ತಿಗೆ ಗಟ್ಟಿಯಾಗ್ತೀಯ.”

ಅವರ ಮುಖ ಸಡಿಲವಾಯಿತು. ಕಾಫಿ ಕುಡಿದರು. ಇನ್ನೊಂದು ಲೋಟ ಬೇಕು ಅಂದರು. ನನಗೆ ಆಗ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದೇ ಅನ್ನಿಸಿತು. ಇದನ್ನು ಮುಚ್ಚಿಡುವುದಿಲ್ಲ.

ಊರಿಗೆ ಬಂದು ಓಮದ ನೀರಿಗೆ ಸಕ್ಕರೆ ಪಾಕ, ಬಣ್ಣ ಸೇರಿಸಿ ಬಾಟಲಿ ಮಾಡಿ ಕೊಟ್ಟೆ. ಮೇಸ್ತ್ರಿ ಅದನ್ನು ಹೊತ್ತು ತಪ್ಪದೆ ಕುಡಿಯುತ್ತಿದ್ದರು. ಹೂಮಳೆ ಬಂತು, ತೋಟ ಬೆಳ್ಳಗೆ ಅರಳಿತು. ಮರಗಸಿ ಶುರುವಾಯಿತು. ಮರ ಹತ್ತುವುದು ಬೇಡ ಅಂದಿದ್ದೆ. ಅವರು ಕೆಳಗೇ ನಿಂತು ಆಳುಗಳಿಗೆ ಹೇಳಿಕೊಡುತ್ತಿದ್ದರು. ಸೊಂಟದ ಪಂಚೆ ವಾರವಾರಕ್ಕೆ ಸಡಿಲವಾಗುತ್ತಿತ್ತು.

ಒಂದು ಮಧ್ಯಾಹ್ನ ಔಷಧಿ ಕೊಡಲು ನಾನೇ ತೋಟಕ್ಕೆ ಹೋದೆ. ಆಳುಗಳೆಲ್ಲ ಬುತ್ತಿ ಬಿಚ್ಚಿಕೊಂಡು ಹಳ್ಳದ ಹತ್ತಿರ ಕೂತಿದ್ದರು. ಮೇಸ್ತ್ರಿ ಒಬ್ಬರೇ ಬಸರಿ ಮರದಿಂದ ಕಡಿದ ಕೊಂಬೆಯ ಮೇಲೆ ಕೂತು ಮೇಲೆ ನೋಡುತ್ತಿದ್ದರು.

“ಕೂತ್ಕಳಿ ಡಾಕ್ಟ್ರೇ. ನಿಮ್ಮ ಹತ್ರ ಒಂದು ಮಾತು ಕೇಳ್ಬೇಕು.”

ಕೂತೆ.

“ಈ ಮರಾನ ನಾನು ಇಪ್ಪತ್ತೆರಡನೇ ವಯಸ್ಸಲ್ಲಿ ಮೊದ್ಲು ಹತ್ತಿದ್ದು. ಎಷ್ಟು ಸಲ ಕಡ್ದಿದ್ದೀನೋ ಲೆಕ್ಕ ಇಲ್ಲ. ಮೂರು ವರ್ಷ ಬಿಟ್ಟು ನೋಡಿದ್ರೆ ನಾನು ಕಡ್ದೇ ಇಲ್ಲ ಅನ್ನೋ ಹಾಗೆ ಚಿಗುರಿರ್ತದೆ. ಕಡಿಯೋ ಕೆಲಸ ಮಾಡಿದೋನಿಗೆ ಉಳಿಯೋದು ಎಂತದೂ ಇಲ್ಲ. ನಾನು ಹುಟ್ಟಿದ್ದಕ್ಕೆ ಉಳ್ದಿರೋದು ಅಂದ್ರೆ ಒಬ್ಳೇ. ಅವಳ್ನೂ ಕಡ್ದು ಹಾಕ್ದೆ.”

ಹನ್ನೆರಡು ಹದಿಮೂರು ವರ್ಷದಲ್ಲಿ ಅವರು ಮಗಳ ಸುದ್ದಿ ಎತ್ತಿದ್ದು ಅದೇ ಮೊದಲಿರಬೇಕು.

“ಹೋಗಿ ನೋಡ್ಬೇಕು ಅಂತ ಅನ್ನಿಸ್ತದೆ. ಆದ್ರೆ ಈ ಮೈ ಹೊತ್ಕೊಂಡು ಹೋದ್ರೆ ಅವಳೆಂತ ತಿಳ್ಕೊಳ್ತಾಳೆ? ಗಟ್ಟಿ ಇದ್ದಾಗ ತಿಥಿ ಮಾಡಿದ, ಈಗ ಮೂಲೆ ಹಿಡಿಯೋ ಹೊತ್ತಿಗೆ ಗಂಜಿ ಹಾಕ್ಸ್ಕೊಳ್ಳೋಕೆ ಬಂದ ಅಂತಾಳೆ. ಅದ್ಕೇ ನಿಮ್ಮನ್ನ ಕೇಳ್ತಿರೋದು. ಗುಣ ಆಗೋದು ನಿಜ ಅಂತಾದ್ರೆ, ಮಳೆಗಾಲ ಕಳ್ದು, ಮೈ ಸುಧಾರಿಸ್ಕೊಂಡು, ಮೊಮ್ಮಕ್ಳಿಗೆ ಏನಾದ್ರೂ ತಗೊಂಡು, ನೆಟ್ಟಗೆ ನಡ್ಕೊಂಡು ಹೋಗಿ ಅವಳ ಬಾಗ್ಲಲ್ಲಿ ನಿಲ್ತೀನಿ. ಗುಣ ಆಗಲ್ಲ ಅಂತಾದ್ರೆ ನಾಚಿಕೆ ಬಿಟ್ಟು ನಾಳೆನೇ ಹೊರಡ್ತೀನಿ. ಯಾವ್ದು ಹೇಳಿ.”

ಇಷ್ಟು ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ. ದಾರಿ ಎರಡನ್ನೂ ಅವರೇ ಬಿಡಿಸಿ ಇಟ್ಟಿದ್ದರು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಹೇಳಿದರೆ, ಮೂಡಿಗೆರೆಯಲ್ಲಿ ಹೇಳಿದ್ದು ಸುಳ್ಳು ಅಂತಾಗುತ್ತಿತ್ತು. ಕೊಟ್ಟ ಬಾಟಲಿಗಳೆಲ್ಲ ಬಣ್ಣದ ನೀರು ಅಂತಾಗುತ್ತಿತ್ತು. ಲೈನಿನಲ್ಲಿ ನನ್ನ ಮಾತಿಗೆ ಇದ್ದ ಬೆಲೆ ಅಲ್ಲಿಗೆ ಮುಗಿಯುತ್ತಿತ್ತು. ಆ ಕ್ಷಣದಲ್ಲಿ ಇಷ್ಟೆಲ್ಲ ಯೋಚಿಸಿದೆನೋ ಇಲ್ಲವೋ ತಿಳಿಯದು. ನಾಲಿಗೆಗೆ ಅಭ್ಯಾಸವಾದ ದಾರಿಯೇ ಸುಲಭವಾಯಿತು.

“ಮಳೆಗಾಲ ಕಳೀಲಿ ಮಾರಾಯ. ನೆಟ್ಟಗೆ ನಡ್ಕೊಂಡೇ ಹೋಗು” ಅಂದೆ.

ಅವರು ನನ್ನ ಕೈಯಿಂದ ಔಷಧಿ ತೆಗೆದುಕೊಂಡು ಕುಡಿದು, ಬಾಯಿ ಒರೆಸಿಕೊಂಡು, ಆಳುಗಳನ್ನು ಕೂಗಿದರು.

ಅದಾಗಿ ಹದಿನೈದು ದಿನಕ್ಕೆ ಕಳಸದಿಂದ ಬರುವ ಟಪಾಲಿನವನು ನನ್ನ ಬಾಗಿಲಲ್ಲಿ ನಿಂತ. ಕಾಗದ ಇರಲಿಲ್ಲ, ಬಾಯಿಮಾತು. “ಹೊರನಾಡು ಕಡೆಯಿಂದ ಒಂದು ಹೆಂಗಸು ಹೇಳಿ ಕಳ್ಸಿದೆ. ಮೇಸ್ತ್ರಿ ಮಗಳಂತೆ. ಅಪ್ಪಂಗೆ ಹುಷಾರಿಲ್ಲ ಅಂತ ಯಾರೋ ಹೇಳಿದ್ರಂತೆ. ತೀರಾ ಜೋರಿದ್ರೆ ಬತ್ತೀನಿ, ಬೈದ್ರೂ ಅಡ್ಡಿಲ್ಲ. ಜೋರಿಲ್ಲ ಅಂದ್ರೆ ನನ್ನ ಮುಖ ತೋರ್ಸಿ ಸುಮ್ನೆ ಕೋಪ ತರ್ಸಲ್ಲ. ಡಾಕ್ಟ್ರನ್ನೇ ಕೇಳ್ಕೊಂಡು ಬಾ ಅಂದ್ಳು.”

“ಗಾಬರಿ ಏನಿಲ್ಲ ಅಂತ ಹೇಳು. ಮಳೆಗಾಲ ಕಳೆದ ಮೇಲೆ ಅವನೇ ಬರ್ತಾನೆ ಅನ್ನು” ಎಂದು ಕಳಿಸಿದೆ.

ಮಗಳು ಕೇಳಿ ಕಳಿಸಿದ್ದನ್ನು ಮೇಸ್ತ್ರಿಗೆ ಹೇಳಲಿಲ್ಲ. ತಾನಾಗಿಯೇ ಹೋಗುವ ಆಸೆ ಇಟ್ಟುಕೊಂಡಿದ್ದಾನೆ, ಹಾಗೇ ಹೋಗಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೋಗುವ ದಿನವೇ ಬರುವುದಿಲ್ಲ ಎಂದು ಈ ಲೋಕದಲ್ಲಿ ಗೊತ್ತಿದ್ದದ್ದು ಚಿಕ್ಕಮಗಳೂರಿನ ಡಾಕ್ಟರನ್ನು ಬಿಟ್ಟರೆ ನನಗೊಬ್ಬನಿಗೆ.

ಆರಿದ್ರಾ ಮಳೆ ಹಿಡಿದ ವಾರ ಮೇಸ್ತ್ರಿ ಮಲಗಿದರು. ಔಷಧಾಲಯದ ಮಂಚಕ್ಕೇ ತಂದು ಹಾಕಿಸಿದೆ. ನೋವಿಗೆ ಅಫೀಮಿನ ದ್ರಾವಣ ತೊಟ್ಟು ಲೆಕ್ಕದಲ್ಲಿ ಕೊಟ್ಟೆ. ನಾಲ್ಕನೆಯ ದಿನ ಬೆಳಿಗ್ಗೆ ಕಣ್ಣು ಬಿಟ್ಟು, ನನ್ನನ್ನು ನೋಡಿ, “ಡಾಕ್ಟ್ರೇ, ಗುಣ ಆಗೋದು ಹಿಂಗಲ್ಲ ಅಲ್ದಾ?” ಅಂದರು.

ನಾನು ಕಂಬಳಿಯನ್ನು ಅವರ ಎದೆಯವರೆಗೆ ಎಳೆದು ಹೊದಿಸಿದೆ.

“ನೀವೆಂತ ಮಾಡ್ತೀರಿ. ನಿಮ್ಗೂ ಗೊತ್ತಾಗಿರಲ್ಲ” ಅಂದರು. “ಅವಳಿಗೆ ಒಂದು ಮಾತು ಹೇಳ್ಕಳ್ಸಿ. ಬಂದ್ರೆ ಬರ್ಲಿ.”

ಬೈದಿದ್ದರೆ ಇಷ್ಟು ವರ್ಷ ಅದು ನನ್ನನ್ನು ಹೀಗೆ ಕಾಡುತ್ತಿರಲಿಲ್ಲ. ಹೇಳಿ ಕಳಿಸುವುದಲ್ಲ, ನಾನೇ ಹೋಗುತ್ತೇನೆ ಎಂದು ಎದ್ದೆ. ನೋಡಿಕೊಳ್ಳಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನೂ ಪಕ್ಕದ ಮನೆಯ ಮುದುಕಿಯನ್ನೂ ಒಪ್ಪಿಸಿ, ಕಂಬಳಿಕೊಪ್ಪೆ ಹಾಕಿಕೊಂಡು ಹೊರಟೆ. ಕಳಸ ಮುಟ್ಟುವಾಗ ಸಂಜೆಯಾಗಿತ್ತು. ಹೊರನಾಡಿನ ಕಡೆಗೆ ಭದ್ರಾ ನದಿ ದಾಟಬೇಕು. ನದಿ ದಂಡೆ ಮೀರಿ ಕೆಂಪಗೆ ಹರಿಯುತ್ತಿತ್ತು. ದೋಣಿಯವನು ದೋಣಿಯನ್ನು ಎಳೆದು ಮರಕ್ಕೆ ಕಟ್ಟಿಬಿಟ್ಟಿದ್ದ.

“ಸಾಯೋರನ್ನ ನೋಡೋಕೆ ಅವರ ಮಗಳನ್ನ ಕರ್ಕೊಂಡು ಬರೋದಿದೆ” ಅಂದೆ.

“ಸಾಯೋರಿಗೋಸ್ಕರ ನಾವಿಬ್ರೂ ಸಾಯೋದು ಬೇಡ. ನೀರು ಇಳೀಲಿ” ಅಂದ.

ಮಾರನೆಯ ಇಡೀ ದಿನ ನದಿಯ ದಡದಲ್ಲಿ ಕೂತಿದ್ದೆ. ಬೇಸಗೆಯಲ್ಲಿ ಇದೇ ನದಿಯನ್ನು ಮೊಣಕಾಲು ನೀರಿನಲ್ಲಿ ನಡೆದು ದಾಟುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಅಷ್ಟೂ ದಿನ ಅದು ಹಾಗೇ ಇತ್ತು. ಮೂರನೆಯ ದಿನ ಮಧ್ಯಾಹ್ನ ಮಳೆ ಹೊಳವಾಗಿ, ನೀರು ಇಳಿದ ಮೇಲೆ ದೋಣಿ ಬಿಟ್ಟರು.

ಮಗಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಒಲೆಯ ಮುಂದೆ ಕೂತಿದ್ದವಳು ನನ್ನನ್ನು ನೋಡಿ, ನಾನು ಯಾರೆಂದು ಹೇಳುವ ಮೊದಲೇ ಎದ್ದು ನಿಂತಳು. ಅಪ್ಪನದೇ ಹಣೆ, ಅಪ್ಪನದೇ ಗಲ್ಲ. ಹೇಳಿದೆ. ಮಕ್ಕಳನ್ನು ಗಂಡನಿಗೆ ಬಿಟ್ಟು, ಸೀರೆ ಎತ್ತಿ ಕಟ್ಟಿ, ಹಾಗೇ ನನ್ನ ಜೊತೆ ಹೊರಟಳು. ದಾರಿಯಲ್ಲಿ ನಾನು ಹಿಂದೆ ಬಿದ್ದರೆ ನಿಂತು ಕಾಯುತ್ತಿದ್ದಳು.

ನಾವು ಎಸ್ಟೇಟು ಮುಟ್ಟಿದ್ದು ಮಾರನೆಯ ದಿನ ಹತ್ತು ಗಂಟೆಗೆ. ಗೇಟಿನಲ್ಲಿ ನಿಂತಿದ್ದ ರೈಟರು ನನ್ನನ್ನು ನೋಡಿ ತಲೆ ತಗ್ಗಿಸಿದರು. ಮೇಸ್ತ್ರಿ ಹಿಂದಿನ ದಿನ ಬೆಳಿಗ್ಗೆಯೇ ತೀರಿಕೊಂಡಿದ್ದರು. ಆ ಮಳೆಯಲ್ಲಿ ಕಾಯುವ ಹಾಗಿರಲಿಲ್ಲ, ಸಂಜೆಗೆ ಮಣ್ಣು ಮಾಡಿದ್ದರು. “ನೀವು ಹೋದ ಮೇಲೆ ಒಂದೇ ಕೇಳಿದ್ದು. ಬಾಗ್ಲು ಕಾಣೋ ಹಾಗೆ ತಿರುಗ್ಸಿ ಮಲಗ್ಸಿ ಅಂದ. ಮಂಚ ತಿರುಗ್ಸಿದ್ವಿ” ಅಂದರು ರೈಟರು.

ಹಸಿ ಮಣ್ಣಿನ ಗುಡ್ಡೆಯ ಪಕ್ಕ ಅವಳು ಬಹಳ ಹೊತ್ತು ಕೂತಿದ್ದಳು. ಅಳಲಿಲ್ಲ. ಮಳೆಗೆ ಮಣ್ಣು ಜಾರದ ಹಾಗೆ ಸುತ್ತ ಕಲ್ಲು ಆರಿಸಿ ಇಟ್ಟಳು. ಆಮೇಲೆ ಔಷಧಾಲಯಕ್ಕೆ ಬಂದು ಬಾಗಿಲ ಹತ್ತಿರ ನಿಂತಳು.

“ನಿಮ್ಗೆ ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು” ಅಂದೆ. “ಶಿವರಾತ್ರಿ ಹೊತ್ತಿಗೇ ಗೊತ್ತಿತ್ತು.”

“ಅಪ್ಪಂಗೆ?”

“ಹೇಳಲಿಲ್ಲ.”

ಅವಳು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಮಂಚದ ಕಡೆ ನೋಡಿ, “ನಾನು ಟಪಾಲಿನವನ ಕೈಲಿ ಕೇಳ್ಕಳ್ಸಿದ್ನಲ್ಲ. ಅದಾದ್ರೂ ಅವ್ರಿಗೆ ಹೇಳಿದ್ರಾ?” ಅಂದಳು.

ಅವಳ ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. ಉಗುರಿನ ತುಂಬ ಆ ಕೆಂಪು ಮಣ್ಣು.

“ಹೇಳಿದೆ” ಅಂದೆ. “ಖುಷಿಪಟ್ಟ. ನೀನು ಬಂದೇ ಬರ್ತೀಯ ಅಂತ ನಂಬಿದ್ದ.”

ಅದುವರೆಗೆ ಅಳದವಳು ಆಗ ಅತ್ತಳು.

ಮರುವರ್ಷ ಅವಳ ಗಂಡನಿಗೆ ನಮ್ಮ ಎಸ್ಟೇಟಿನಲ್ಲೇ ಕೆಲಸವಾಯಿತು. ಅಪ್ಪ ಇದ್ದ ಮನೆಯಲ್ಲೇ ಸಂಸಾರ ಹೂಡಿದರು. ಎದುರಿಗೆ ಸಿಕ್ಕರೆ ಅವಳು ತಲೆಬಾಗಿಸಿ ಹೋಗುತ್ತಿದ್ದಳು. ಅವಳು ನನ್ನನ್ನು ಡಾಕ್ಟ್ರೇ ಎಂದು ಒಂದು ದಿನವೂ ಕರೆಯಲಿಲ್ಲ.

ಆ ವರ್ಷದಿಂದ ನಾನು ಸುಳ್ಳು ಹೇಳುವುದನ್ನು ಬಿಟ್ಟೆ. ಅದರಿಂದ ಒಳ್ಳೆಯದೇ ಆಯಿತು ಎನ್ನಲಾರೆ. ಕ್ಷಯ ಹಿಡಿದಿದ್ದ ಒಬ್ಬ ಹೆಂಗಸಿಗೆ ನಿಜ ಹೇಳಿದೆ, ಅವಳು ಅಂದಿನಿಂದ ಅನ್ನ ಬಿಟ್ಟಳು. ಇನ್ನೂ ಆರು ತಿಂಗಳು ಇರಬೇಕಾದವಳು ಎರಡೇ ತಿಂಗಳಲ್ಲಿ ಹೋದಳು. ಅವಳ ಗಂಡ ನನ್ನ ಬಾಗಿಲಿಗೆ ಬಂದು, “ಬಾಯಿ ಮುಚ್ಕೊಂಡಿದ್ರೆ ಆಗ್ತಿರ್ಲಿಲ್ವಾ?” ಎಂದು ಕೇಳಿದ.

ಒಂದು ಬೇಸಗೆಯಲ್ಲಿ ಮೇಸ್ತ್ರಿಯ ಮೊಮ್ಮಗಳಿಗೆ, ನಾಲ್ಕು ವರ್ಷದ ಕೂಸಿಗೆ, ಜ್ವರ ತಲೆಗೇರಿ ಫಿಟ್ಸು ಬಂತು. ತಾಯಿ ಎತ್ತಿಕೊಂಡು ಓಡಿ ಬಂದಳು. ಚುಚ್ಚುಮದ್ದು ಕೊಟ್ಟೆ, ತಣ್ಣೀರು ಬಟ್ಟೆ ಹಾಕಿಸಿದೆ.

“ಬದುಕ್ತದಾ?” ಅಂದಳು.

“ನಂಗೆ ಗೊತ್ತಿಲ್ಲಮ್ಮ. ಸಂಜೆ ಒಳಗೆ ಇಳಿದ್ರೆ ಬದುಕ್ತದೆ. ಇಳೀದಿದ್ರೆ ಕಷ್ಟ.”

ಅವಳು ತಕ್ಷಣ ಆಳು ಕಳಿಸಿ ಗಂಡನನ್ನು ತೋಟದಿಂದ ಕರೆಸಿದಳು. ದೊಡ್ಡ ಮಗಳನ್ನೂ ಕರೆಸಿದಳು. ಎಲ್ಲರೂ ಆ ಸಣ್ಣ ಕೋಣೆಯಲ್ಲಿ ಮಂಚದ ಸುತ್ತ ಕೂತರು. ಕೂಸಿನ ಕೈಯೊಂದು ಅಪ್ಪನ ಕೈಯಲ್ಲಿತ್ತು, ಕಾಲುಗಳು ಅಕ್ಕನ ಮಡಿಲಲ್ಲಿದ್ದವು. ತಾಯಿ ಅದರ ಕಿವಿಯ ಹತ್ತಿರ ಬಾಯಿಟ್ಟು ಏನೇನೋ ಮಾತಾಡುತ್ತಲೇ ಇದ್ದಳು. ಹೊತ್ತು ಮುಳುಗುವ ಮುಂಚೆ ಕೂಸು ಬೆವರಿತು.

ಅದು ನೀರು ಕೇಳಿದ ಮೇಲೆ ಅವಳು ಹೊರಗೆ ಬಂದು, “ಗೊತ್ತಿಲ್ಲ ಅಂದ್ರಲ್ಲ, ಒಳ್ಳೇದಾಯ್ತು” ಎಂದಷ್ಟೇ ಹೇಳಿದಳು.

ಎರಡು ವರ್ಷದ ಮೇಲೆ ನಾನು ಆ ಎಸ್ಟೇಟು ಬಿಟ್ಟೆ. ಟಪಾಲಿನವನ ಸಂಗತಿಯನ್ನು ಹೊರಡುವ ಮೊದಲು ಅವಳಿಗೆ ಹೇಳಿಬಿಡಬೇಕೆಂದು ಲೈನಿನ ಕೊನೆಯ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಕೂತು ಕೂಸಿನ ತಲೆ ಬಾಚುತ್ತಿದ್ದಳು. ನಾನು ಬಂದದ್ದು ಕಾಣಲಿಲ್ಲ. ಕೂಸು ಅಜ್ಜನ ಬಗ್ಗೆ ಏನೋ ಕೇಳಿರಬೇಕು.

“ಕೋಪ ಎಲ್ಲ ಯಾವಾಗ್ಲೋ ಹೋಗಿತ್ತು ಕಣೇ” ಎನ್ನುತ್ತಿದ್ದಳು. “ನಾನು ಬತ್ತೀನಿ ಅಂತ ಅಜ್ಜಂಗೆ ಗೊತ್ತಿತ್ತು. ಅದೊಂದು ನಂಬ್ಕೊಂಡೇ ಕಣ್ಣು ಮುಚ್ಚಿದ್ರು.”

ಕೆಮ್ಮಿ, ಜಗಲಿಯ ಹತ್ತಿರ ಹೋಗಿ, ನಾಳೆ ಊರು ಬಿಡುತ್ತಿದ್ದೇನೆ ಅಂದೆ. ಅವಳು ಎದ್ದು ಮಣೆ ಹಾಕಿ, ಕಾಫಿ ಕುಡಿದು ಹೋಗಿ ಅಂದಳು. ಕುಡಿದೆ. ಕೂಸಿನ ಮೈ ಈಗ ಹೇಗಿದೆ ಎಂದು ಕೇಳಿದೆ. ಹೇಳಲು ಹೋದ ಮಾತನ್ನು ಹೇಳದೆ ಎದ್ದು ಬಂದೆ.